ಕಚೇರಿಯ ಡಿಜಿಟಲ್ ಫಲಕಗಳಿಗೆ ಬಜೆಟ್ ಹಾಕುವುದು ಹೇಗೆ?

ಸಿಬ್ಬಂದಿಗೆ ಸುದ್ದಿ ಮುಟ್ಟಿಸಲು ಗೋಡೆಗಳ ಮೇಲೆ ಡಿಜಿಟಲ್ ಪರದೆ ಹಾಕಿಸೋಣ ಎಂಬ ಮಾತು ಬಂದ ಕೂಡಲೇ ಎಲ್ಲರೂ ಕೇಳುವುದು ‘ಒಂದು ಪರದೆಗೆ ಎಷ್ಟು?’ ಎಂದು. ಮಾರಾಟಗಾರರಿಗೂ ಇದೇ ಪ್ರಶ್ನೆ ಇಷ್ಟ. ಆದರೆ ಪರದೆಯನ್ನು ಒಮ್ಮೆ ಕೊಂಡರೆ ಮುಗಿಯಿತು, ಅದರಲ್ಲಿ ತೋರಿಸುವುದನ್ನು ವಾರವಾರವೂ ಹೊಸದಾಗಿ ತಯಾರಿಸಬೇಕು. ಹೆಚ್ಚಿನ ಬಜೆಟ್‌ಗಳು ಮರೆಯುವುದು ಈ ಎರಡನೆಯದನ್ನು.

ಮೊದಲು ಜಾಗ, ಆಮೇಲೆ ಪರದೆ

ಯಾರಿಗೆ, ಎಲ್ಲಿ, ಏನು ಹೇಳಬೇಕು ಎಂದು ಪಟ್ಟಿ ಮಾಡಿ. ಕಾರ್ಖಾನೆಯಲ್ಲಿ ಇ-ಮೇಲ್ ನೋಡಲು ಪುರುಸೊತ್ತಿಲ್ಲದ ಕೆಲಸಗಾರರಿಗೆ ಗೋಡೆಯ ಪರದೆ ನಿಜಕ್ಕೂ ಉಪಯುಕ್ತ. ಎಲ್ಲರ ಮೇಜಿನ ಮೇಲೂ ಕಂಪ್ಯೂಟರ್ ಇರುವ ಮಹಡಿಯಲ್ಲಿ ಅದು ಬಹುಮಟ್ಟಿಗೆ ಅಲಂಕಾರ. ಜನ ಸಾಲಿನಲ್ಲಿ ನಿಲ್ಲುವ, ಲಿಫ್ಟ್‌ಗೆ ಕಾಯುವ ಜಾಗಗಳನ್ನು ಗುರುತಿಸಿ. ಸರಸರನೆ ದಾಟಿಹೋಗುವ ಹಾದಿಗಳನ್ನು ಬಿಡಿ. ಪಟ್ಟಿ ಅರ್ಧಕ್ಕೆ ಇಳಿದರೆ ಒಳ್ಳೆಯದೇ ಆಯಿತು.

ಮನೆಯ ಟಿ.ವಿ. ಸಾಲದೇ?

ಹಣಕಾಸು ವಿಭಾಗದವರು ಇದನ್ನು ಕೇಳಿಯೇ ಕೇಳುತ್ತಾರೆ. ಮನೆಬಳಕೆಯ ಟಿ.ವಿ.ಯನ್ನು ದಿನವಿಡೀ ಉರಿಸುವ ಲೆಕ್ಕದಲ್ಲಿ ತಯಾರಿಸಿರುವುದಿಲ್ಲ, ವಾಣಿಜ್ಯ ಬಳಕೆಗೆ ಅದರ ವಾರಂಟಿ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ವಾಣಿಜ್ಯ ಪರದೆಗಳು ದಿನಕ್ಕೆ 16 ಅಥವಾ 24 ಗಂಟೆ ಎಂಬ ಅಳತೆಯಲ್ಲಿ ಬರುತ್ತವೆ. ಹಗಲು ಪಾಳಿ ಮಾತ್ರ ಇರುವ ಕಚೇರಿಗೆ 24 ಗಂಟೆಯದು ಬೇಡ. ಬೆಳಕಿನ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ಒಳಗಿನ ಗೋಡೆಗೆ 350ರಿಂದ 500 ನಿಟ್ಸ್ (ಪರದೆಯ ಹೊಳಪಿನ ಅಳತೆ) ಸಾಕಾದರೆ, ಬಿಸಿಲು ನೇರವಾಗಿ ಬೀಳುವ ಗಾಜಿನ ಕಿಟಕಿಗೆ 2,000ಕ್ಕೂ ಹೆಚ್ಚು ಬೇಕು. ಅಂಥ ಪರದೆಯ ಬೆಲೆಯೇ ಬೇರೆ. ಆಗ ಪರದೆಯನ್ನು ಎದುರಿನ ಗೋಡೆಗೆ ಸರಿಸುವುದೇ ಅಗ್ಗದ ಪರಿಹಾರ.

ಕೊಟೇಶನ್‌ನಲ್ಲಿ ಕಾಣದ ಸಾಲುಗಳು

ಗೋಡೆ ಭಾರ ತಡೆಯುತ್ತದೆಯೇ, ಪರದೆಯ ಹಿಂದೆ ಪ್ಲಗ್ ಪಾಯಿಂಟ್ ಇದೆಯೇ, ನೆಟ್‌ವರ್ಕ್ ಕೇಬಲ್ ಅಲ್ಲಿವರೆಗೆ ಬಂದಿದೆಯೇ ಎಂದು ಖುದ್ದಾಗಿ ಹೋಗಿ ನೋಡಿ. ಸಾಮಾನ್ಯ ತಾಮ್ರದ ನೆಟ್‌ವರ್ಕ್ ಕೇಬಲ್ 100 ಮೀಟರ್‌ಗಿಂತ ಉದ್ದ ಹೋಗುವಂತಿಲ್ಲ. ದೊಡ್ಡ ಕಟ್ಟಡದಲ್ಲಿ ನಡುವೆ ನೆಟ್‌ವರ್ಕ್ ಸ್ವಿಚ್ ಬೇಕಾಗಬಹುದು. ಐಟಿ ವಿಭಾಗದವರನ್ನು ಈ ಹಂತದಲ್ಲೇ ಕೂರಿಸಿಕೊಳ್ಳಿ. ಪರದೆಗಳು ಬಂದಿಳಿದ ಮೇಲೆ ಅವರು ಭದ್ರತೆಯ ಪ್ರಶ್ನೆ ಎತ್ತಿದರೆ ತಪ್ಪು ಅವರದ್ದಲ್ಲ.

ಪರದೆಯನ್ನು ನಡೆಸಲು ಮೀಡಿಯಾ ಪ್ಲೇಯರ್, ಅಂದರೆ ಪ್ರಕಟಣೆಗಳನ್ನು ಪರದೆಗೆ ಕಳಿಸುವ ಸಾಧನ ಬೇಕು. ಕೆಲವು ಪರದೆಗಳಲ್ಲಿ ಅದು ಒಳಗೇ ಇರುತ್ತದೆ. ಯಾವ ಪರದೆಯಲ್ಲಿ ಯಾವಾಗ ಏನು ಬರಬೇಕೆಂದು ನೋಡಿಕೊಳ್ಳುವ ತಂತ್ರಾಂಶದ ಚಂದಾ ಸಾಮಾನ್ಯವಾಗಿ ಪರದೆಗೆ ಇಷ್ಟು, ತಿಂಗಳಿಗೆ ಇಷ್ಟು ಎಂದಿರುತ್ತದೆ. ಅದನ್ನು ಪರದೆಗಳ ಸಂಖ್ಯೆಯಿಂದಲೂ 60 ತಿಂಗಳಿಂದಲೂ ಗುಣಿಸಿ ನೋಡಿದರೆ ‘ಚಿಕ್ಕ ಮೊತ್ತ’ದ ನಿಜವಾದ ಗಾತ್ರ ತಿಳಿಯುತ್ತದೆ. ನವೀಕರಣದಲ್ಲಿ ದರ ಎಷ್ಟು ಏರಬಹುದು ಎಂಬುದನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಿ.

ವಿದ್ಯುತ್ತಿನ ಲೆಕ್ಕ ಸುಲಭ. 120 ವಾಟ್‌ನ ಪರದೆ ದಿನಕ್ಕೆ 16 ಗಂಟೆಯಂತೆ ವರ್ಷವಿಡೀ ಉರಿದರೆ ಸುಮಾರು 700 ಯೂನಿಟ್. ಕೆಲಸದ 260 ದಿನ, 10 ಗಂಟೆ ಮಾತ್ರ ಉರಿದರೆ 312. ತಾನಾಗಿ ಆರುವ ವೇಳಾಪಟ್ಟಿ ಹಾಕಲು ಖರ್ಚೇನೂ ಇಲ್ಲ.

ಬರೆಯುವವರು ಯಾರು?

ಇಡೀ ಬಜೆಟ್ಟಿನ ತಿರುಳು ಇಲ್ಲಿದೆ. ವಾರಕ್ಕೆ ಆರು ಹೊಸ ಪ್ರಕಟಣೆ, ಬರೆದು, ವಿನ್ಯಾಸ ಮಾಡಿ, ಒಪ್ಪಿಗೆ ಪಡೆಯಲು ಒಂದೊಂದಕ್ಕೆ ಎರಡು ಗಂಟೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ 624 ಗಂಟೆ, ಅಂದರೆ ಒಬ್ಬ ಉದ್ಯೋಗಿಯ ಸಮಯದ ಹೆಚ್ಚುಕಡಿಮೆ ಮೂರನೇ ಒಂದು ಪಾಲು. ‘ಈಗಿರುವವರೇ ನೋಡಿಕೊಳ್ಳುತ್ತಾರೆ’ ಎಂದು ಈ ಸಾಲಿಗೆ ಸೊನ್ನೆ ಹಾಕುವುದು ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡಿದಂತೆ. ಮುಗಿದುಹೋದ ವಾರ್ಷಿಕೋತ್ಸವದ ಆಹ್ವಾನ ನಾಲ್ಕು ತಿಂಗಳು ಮಿನುಗುತ್ತಿರುವ ಪರದೆಯತ್ತ ಯಾರೂ ತಲೆ ಎತ್ತುವುದಿಲ್ಲ.

ಪರದೆ ಐದಿರಲಿ, ಐವತ್ತಿರಲಿ, ಈ ಖರ್ಚು ಹೆಚ್ಚು ಬದಲಾಗುವುದಿಲ್ಲ. ಆದ್ದರಿಂದ ಲೆಕ್ಕದ ಹಾಳೆಯಲ್ಲಿ ಎರಡು ಕಾಲಂ ಇರಲಿ: ಪರದೆಯೊಂದಿಗೆ ಏರುವ ಖರ್ಚು, ಏರದ ಖರ್ಚು. ಸಿದ್ಧ ವಿನ್ಯಾಸದ ಮಾದರಿಗಳನ್ನು ಒಮ್ಮೆ ದುಡ್ಡು ಕೊಟ್ಟು ಮಾಡಿಸಿದರೆ ವಾರದ ಗಂಟೆಗಳು ಇಳಿಯುತ್ತವೆ. ಚಿತ್ರ, ಸಂಗೀತ, ಅಕ್ಷರಶೈಲಿಗಳ ಪರವಾನಗಿಗೂ ಒಂದು ಸಾಲು ಬಿಡಿ.

ಐದು ವರ್ಷದ ಹಾಳೆ

ಒಮ್ಮೆಯ ಖರ್ಚು, ವರ್ಷದ ಖರ್ಚು ಎಂದು ಬೇರ್ಪಡಿಸಿ, ಐದು ವರ್ಷಕ್ಕೆ ಒಟ್ಟು ಮಾಡಿ. ಹತ್ತು ಪರದೆಗೆ ಒಂದರಂತೆ ಬಿಡಿ ಪರದೆ, ದುರಸ್ತಿ, ಕೊನೆಗೆ ಹಳೆಯದನ್ನು ಇ-ತ್ಯಾಜ್ಯವಾಗಿ ವಿಲೇವಾರಿ ಮಾಡುವ ವೆಚ್ಚ ಸೇರಲಿ. ಮಂಜೂರಾತಿಯನ್ನು ಒಂದೇ ಸಲಕ್ಕೆ ಕೇಳಬೇಡಿ. ಎರಡು ಜಾಗದಲ್ಲಿ ಮೂರು ತಿಂಗಳು ಓಡಿಸಿ, ಪರದೆಯ ಕ್ಯೂಆರ್ ಕೋಡ್‌ಗಳನ್ನು ಎಷ್ಟು ಮಂದಿ ಸ್ಕ್ಯಾನ್ ಮಾಡಿದರು, ಸುರಕ್ಷತಾ ಸೂಚನೆ ಎಷ್ಟು ಮಂದಿಗೆ ನೆನಪಿದೆ ಎಂದು ನೋಡಿ. ಆ ಮೂರು ತಿಂಗಳಲ್ಲಿ ಪ್ರಕಟಣೆ ತಯಾರಿಸಲು ನಿಜಕ್ಕೂ ತಗಲಿದ ಗಂಟೆಗಳನ್ನು ಹಾಳೆಯಲ್ಲಿ ತಿದ್ದಿ, ಉಳಿದ ಪರದೆಗಳ ಹಣವನ್ನು ಆಮೇಲೆ ಕೇಳಿ.