ದೋಣಿ ಎಂಜಿನ್ನೂ ಎಥೆನಾಲ್ ಪೆಟ್ರೋಲೂ: ರಿಪೇರಿ ಮಾಡುವವನ ಅನುಭವ

ಗಂಗೊಳ್ಳಿ ಕಡೆ ಔಟ್‌ಬೋರ್ಡ್ ಎಂಜಿನ್, ಅಂದರೆ ದೋಣಿಯ ಹಿಂಬದಿಗೆ ಹೊರಗಿನಿಂದ ಕೂರಿಸುವ ಎಂಜಿನ್, ರಿಪೇರಿ ನನ್ನ ಕೆಲಸ. ಸೀಮೆಎಣ್ಣೆಯಲ್ಲಿ ಓಡುವ ನಾಡದೋಣಿಗಳ ರಗಳೆ ಬೇರೆ. ಇದು ಪೆಟ್ರೋಲ್ ಎಂಜಿನ್ನಿನ ಮಾತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20, ಅಂದರೆ ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್, ಬಿಡುಗಡೆಯಾಯಿತು. ಈಗ ಬಂಕಿನಲ್ಲಿ ಸಿಗುವುದು ಹೆಚ್ಚುಕಡಿಮೆ ಅದೇ. ಹೆಚ್ಚಿನ ಔಟ್‌ಬೋರ್ಡ್ ಕೈಪಿಡಿಗಳು ಮಾತ್ರ ಎಥೆನಾಲ್ ಶೇ. 10 ದಾಟಬೇಡಿ ಎನ್ನುತ್ತವೆ.

ಬೈಕಿಗೆ ಆಗದ್ದು ದೋಣಿಗೆ ಯಾಕೆ ಎಂದು ಕೇಳುವವರಿದ್ದಾರೆ. ಬೈಕಿನ ಪೆಟ್ರೋಲು ಬೇಗ ಖಾಲಿಯಾಗುತ್ತದೆ. ದೋಣಿಯದ್ದು ಮಳೆಗಾಲವಿಡೀ ಅರ್ಧ ಟ್ಯಾಂಕಿನಲ್ಲಿ ಕೂತಿರುತ್ತದೆ. ಅದಕ್ಕೆ ನೀರು ಸೇರುತ್ತದೆ: ಗಾಳಿಯ ತೇವ ಸ್ವಲ್ಪ, ಮುಚ್ಚಳದ ಸವೆದ ವಾಶರಿನಿಂದ ಇಳಿಯುವ ಮಳೆನೀರು ಅದಕ್ಕಿಂತ ಹೆಚ್ಚು. "ಎಲ್ಲ ಎಥೆನಾಲ್‌ದೇ ಕಿತಾಪತಿ ಮಾರ್ರೆ" ಎನ್ನುವವರ ಟ್ಯಾಂಕಿನಲ್ಲಿ ನಾನು ಮೊದಲು ನೋಡುವುದು ಆ ವಾಶರನ್ನೇ.

ಎಥೆನಾಲ್ ನೀರನ್ನು ಒಂದು ಮಿತಿಯವರೆಗೆ ತನ್ನೊಳಗೇ ಇಟ್ಟುಕೊಳ್ಳುತ್ತದೆ. ಶೇ. 10ರ ಬೆರಕೆಯಲ್ಲಿ ಆ ಮಿತಿ ಲೀಟರಿಗೆ ಸುಮಾರು 5 ಮಿ.ಲೀ.; ಶೇ. 20ರದ್ದು ಇನ್ನಷ್ಟು ತಡೆಯುತ್ತದೆ. ಮಿತಿ ದಾಟಿತೋ, ನೀರೂ ಎಥೆನಾಲೂ ಒಟ್ಟಿಗೇ ತಳಕ್ಕಿಳಿಯುತ್ತವೆ. ಬೆರಕೆ ಹೆಚ್ಚಿದ್ದಷ್ಟೂ ತಳದ ಪದರ ದಪ್ಪ. ಟೂ ಸ್ಟ್ರೋಕ್‌ನಲ್ಲಿ ಇದು ಎಂಜಿನ್ನಿನ ಜೀವಕ್ಕೇ ಬರುತ್ತದೆ: ಪಿಸ್ಟನ್ ಜಾರಲೆಂದು ಪೆಟ್ರೋಲಿಗೇ ಬೆರೆಸುವ ಟೂಟಿ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ, ಎಂಜಿನ್ ಹೀರುವುದು ತಳದ್ದನ್ನು. ಸ್ಟಾರ್ಟ್ ಆಗದಿದ್ದರೆ ಅದೃಷ್ಟ ಅನ್ನಿ, ಓಡಿದರೆ ಪಿಸ್ಟನ್ ಜಾಮ್.

ಹಾಗಾಗಿ ನಾನು ಎಂಜಿನ್ ಬಿಚ್ಚುವ ಮೊದಲು ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಎಳೆದು ನಿಲ್ಲಿಸುತ್ತೇನೆ. ನಡುವೆ ಗೆರೆ ಕಂಡರೆ ಪೂರ್ತಿ ಖಾಲಿ ಮಾಡಿಸುವುದೇ. ಬೇರ್ಪಟ್ಟದ್ದನ್ನು ಮತ್ತೆ ಕೂಡಿಸುತ್ತೇವೆಂದು ಮಾರುವ ಬಾಟಲಿಗಳನ್ನು ನಾನು ನಂಬುವುದಿಲ್ಲ. ಹೊಸ ಪೆಟ್ರೋಲು ಸುರಿದರೂ ಆಗದು. ಮೇಲೆ ಉಳಿದದ್ದರ ಆಕ್ಟೇನ್ ಮೊದಲೇ ಬಿದ್ದಿರುತ್ತದೆ. ನೀರು ಬೇರ್ಪಡಿಸುವ ಫಿಲ್ಟರನ್ನು ಹಾಕಿಸುತ್ತೇನೆ, ಆದರೆ ಅದು ತಡೆಯುವುದು ಬಿಡಿ ನೀರನ್ನು, ಎಥೆನಾಲಿನಲ್ಲಿ ಕರಗಿದ್ದನ್ನಲ್ಲ.

ಹಳೇ ಎಂಜಿನ್‌ಗಳಲ್ಲಿ ಪೈಪು, ಪ್ರೈಮರ್ ಬಲ್ಬು, ಫ್ಯುಯೆಲ್ ಪಂಪಿನ ಡಯಾಫ್ರಂ ಒತ್ತಿ ನೋಡಿ. ಉಬ್ಬಿ ಮೆತ್ತಗಾಗಿದ್ದರೆ ಬದಲಿಸಿ. ಟ್ಯಾಂಕಿನ ಹಳೇ ಕೊಳೆಯನ್ನೂ ಎಥೆನಾಲ್ ಎಬ್ಬಿಸಿ ಕಾರ್ಬ್ಯುರೇಟರಿನ ಸಣ್ಣ ತೂತಿಗೆ (ಜೆಟ್ಟಿಗೆ) ತಂದು ತುಂಬುತ್ತದೆ. ದೋಣಿಯನ್ನು ದಡಕ್ಕೆ ಎಳೆದು ಹಾಕುವಾಗ ಪೆಟ್ರೋಲ್ ಪೈಪು ಕಳಚಿ, ಎಂಜಿನ್ ಬಿಸಿಯಾಗದಂತೆ ಫ್ಲಶಿಂಗ್ ನೀರು ಕೊಟ್ಟು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸುತ್ತೇನೆ. ಆಮೇಲೆ ಕಾರ್ಬ್ಯುರೇಟರ್ ಬೌಲಿನ ಸ್ಕ್ರೂ ಬಿಚ್ಚಿ ಉಳಿದದ್ದನ್ನು ಇಳಿಸಿಬಿಡುತ್ತೇನೆ. ಟ್ಯಾಂಕಿನಲ್ಲಿ ಚೆನ್ನಾಗಿಯೇ ಉಳಿದ ನಾಲ್ಕು ಎಂಟು ಲೀಟರು, ಟೂಟಿ ಬೆರೆಸದ್ದಾದರೆ, ಮಾಲೀಕರ ಬೈಕಿಗೆ.