ಕೆಂಪು ದೀಪಕ್ಕೆ ನಿಂತ ದರೋಡೆಕೋರ

ಆ ಪಿಎಸ್4, ಅಂದರೆ ಟಿವಿಗೆ ಸಿಕ್ಕಿಸಿ ವಿಡಿಯೊ ಗೇಮ್ ಆಡುವ ಯಂತ್ರ, ನನ್ನದಲ್ಲ. ಶಾರ್ಜಾದಲ್ಲಿ ಕೆಲಸಕ್ಕಿರುವ ಚಿಕ್ಕಪ್ಪನ ಮಗ ರಜೆಗೆ ಬಂದಾಗ ತಂದದ್ದು. ವಾಪಸ್ ಹೋಗುವಾಗ ಹಲಸಿನ ಹಪ್ಪಳ, ಉಪ್ಪಿನಕಾಯಿ ಎಂದು ಪೆಟ್ಟಿಗೆ ಭಾರವಾಗಿ, ಬದಿಯಡ್ಕದ ಹತ್ತಿರದ ನಮ್ಮ ಮನೆಯಲ್ಲೇ ಬಿಟ್ಟುಹೋದ. ಜೊತೆಗೆ ಒಂದೇ ಒಂದು ಡಿಸ್ಕ್: ಗ್ರ್ಯಾಂಡ್ ಥೆಫ್ಟ್ ಆಟೊ 5 ಎಂಬ ದರೋಡೆಕೋರರ ಆಟ. ಅಲ್ಲಿಯ ಪ್ಲಗ್ಗಿಗೆ ಮೂರು ಚಪ್ಪಟೆ ಕಾಲು, ನಮ್ಮ ಗೋಡೆಗೆ ಹೋಗುವುದಿಲ್ಲ. ಹಿಂದೆ ತಿರುಗಿಸಿ ನೋಡಿದರೆ ವಯರು ಸಿಕ್ಕಿಸುವ ತೂತು ಎಂಟರ ಆಕಾರದ್ದು. ಅಟ್ಟದಲ್ಲಿದ್ದ ಅಜ್ಜನ ಟೇಪ್ ರೆಕಾರ್ಡರಿನ ವಯರು ತಂದು ಸಿಕ್ಕಿಸಿದೆ, ಸಲೀಸಾಗಿ ಕೂತಿತು. ಯಕ್ಷಗಾನದ ಕ್ಯಾಸೆಟ್ ಕೇಳಿಸುತ್ತಿದ್ದ ವಯರಿನಲ್ಲಿ ಈಗ ಬ್ಯಾಂಕ್ ದರೋಡೆ.

2020ರ ಮಳೆಗಾಲ ಅದು. ನನ್ನ ಕೆಲಸ ಮಂಗಳೂರಿನಲ್ಲಿ, ಮನೆ ಗಡಿಯ ಈಚೆ ಕೇರಳದಲ್ಲಿ. ಕೊರೋನಾದಿಂದಾಗಿ ತಲಪಾಡಿಯ ಗಡಿ ದಾಟುವುದೇ ದೊಡ್ಡ ರಾಮಾಯಣವಾಗಿದ್ದ ದಿನಗಳು. ಆಡಲು ಹೊತ್ತು ಬೇಕಾದಷ್ಟಿತ್ತು. ನಮ್ಮೂರಿನ ವಾಚನಾಲಯ ಮುಚ್ಚಿದ್ದರೂ ಅದರ ಕೈಬರಹದ ಸಂಚಿಕೆ ಮಾತ್ರ ನಿಲ್ಲಬಾರದೆಂದು ನಿವೃತ್ತ ಕನ್ನಡ ಮಾಷ್ಟ್ರು ಮನೆಮನೆಗೆ ಫೋನು ಮಾಡುತ್ತಿದ್ದರು. ನನಗೆ ಹೇಳಿದ್ದು ಇಷ್ಟೇ: "ನೀನು ದಿನಾ ಎಂತದೋ ಆಡ್ತೀಯಂತಲ್ಲ, ಅದರದ್ದೇ ಎರಡು ಪುಟ ಬರೆ. ಪುಸ್ತಕದ ವಿಮರ್ಶೆ ಹಾಗೆ."

ಎರಡು ಪುಟ ಒಂದೇ ರಾತ್ರಿಯಲ್ಲಿ ಮುಗಿಯಿತು. ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿರುವ ರಾಕ್‌ಸ್ಟಾರ್ ನಾರ್ತ್ ಮಾಡಿದ್ದು, 2013ರ ಸೆಪ್ಟೆಂಬರ್ 17ಕ್ಕೆ ಪಿಎಸ್3 ಮತ್ತು ಎಕ್ಸ್‌ಬಾಕ್ಸ್ 360 ಎಂಬ ಹಳೆಯ ಯಂತ್ರಗಳಲ್ಲಿ ಬಂದದ್ದು, ಮೂರೇ ದಿನದಲ್ಲಿ ನೂರು ಕೋಟಿ ಡಾಲರ್ ವ್ಯಾಪಾರ ಮಾಡಿದ್ದು, ನನ್ನ ಕೈಯಲ್ಲಿರುವ ಪಿಎಸ್4 ಆವೃತ್ತಿ 2014ರ ನವೆಂಬರಿನದ್ದು. ಆಮೇಲೆ ಗ್ರಾಫಿಕ್ಸಿಗೆ ಇಷ್ಟು, ಸೌಂಡಿಗೆ ಇಷ್ಟು, ಕತೆಗೆ ಇಷ್ಟು ಎಂದು ಹತ್ತರಲ್ಲಿ ಅಂಕ. ಮಾಷ್ಟ್ರು ಓದಿ ಪುಟ ಮಡಚಿ ಕೊಟ್ಟರು. "ಇದು ಡಬ್ಬದ ಹಿಂದೆ ಬರೆದಿರ್ತದಲ್ವಾ? ಚಾವಡಿಯಲ್ಲಿ ಕೂತು ನಿನ್ನ ಕೈ ಎಂತ ಮಾಡ್ತದೆ, ಅದು ಹೇಳು."

ಕೋಪ ಬಂದದ್ದು ನಿಜ. ಆದರೆ ಯೋಚಿಸಿದರೆ, ನನ್ನ ಕೈ ಏನು ಮಾಡುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಹಾಗಾಗಿ ಆಟವನ್ನು ಮೊದಲಿನಿಂದ ಶುರು ಮಾಡಿದೆ. ಪಕ್ಕದಲ್ಲಿ ಒಂದು ನೋಟ್‌ಬುಕ್, ಪುಟದ ನಡುವೆ ಒಂದು ಗೀಟು. ಎಡಗಡೆ ಆಟ ನನ್ನಿಂದ ಮಾಡಿಸಿದ್ದು, ಬಲಗಡೆ ನಾನಾಗಿ ಮಾಡಿದ್ದು.

ಬಲಗಡೆಯ ಮೊದಲ ಸಾಲು: "ಸಂಜೆ, ಫ್ರಾಂಕ್ಲಿನ್, ಬಿಳಿ ಕಾರು, ಎಲ್ಲ ಕೆಂಪು ದೀಪಕ್ಕೂ ನಿಂತೆ." ಫ್ರಾಂಕ್ಲಿನ್ ಎಂದರೆ ಆಟದಲ್ಲಿ ನಾವು ನಡೆಸುವ ಮೂವರಲ್ಲಿ ಒಬ್ಬ. ಲಾಸ್ ಸ್ಯಾಂಟೋಸ್ ಎಂಬ ಆಟದ ಊರು ಲಾಸ್ ಏಂಜಲೀಸಿನ ಅಚ್ಚು. ಬೇರೆ ಗಾಡಿಗಳೆಲ್ಲ ಸಿಗ್ನಲ್ಲಿಗೆ ನಿಲ್ಲುತ್ತವೆ. ನಾವು ನಿಲ್ಲದಿದ್ದರೂ ಪೊಲೀಸರು ಕ್ಯಾರೇ ಅನ್ನುವುದಿಲ್ಲ, ನಿಂತರೂ ಶಭಾಶ್ ಅನ್ನುವುದಿಲ್ಲ. ಹಾಗೆ ನಿಂತ ಮೇಲೆಯೇ ನನಗೆ ಊರು ಕಂಡದ್ದು. ಫುಟ್‌ಪಾತಿನಲ್ಲಿ ಒಬ್ಬಳು ಫೋನಿನಲ್ಲಿ ಯಾರಿಗೋ ಬೈಯುತ್ತಾಳೆ. ಮಳೆ ಬಂದರೆ ಕೆಲವರು ಓಡುತ್ತಾರೆ. ಆಟದ ಒಂದು ದಿನವೆಂದರೆ ನಮ್ಮ 48 ನಿಮಿಷ, ಅಮ್ಮ ಗಂಜಿಗೆ ಕರೆಯುವಷ್ಟರಲ್ಲಿ ಅಲ್ಲಿ ಒಮ್ಮೆ ಬೆಳಗಾಗಿ ಕತ್ತಲಾಗಿರುತ್ತದೆ. ಹಿಂದೆ ಇದೇ ಊರನ್ನು ನೂರು ಮೈಲಿ ವೇಗದಲ್ಲಿ ಹತ್ತು ಸಲ ದಾಟಿದ್ದೆ. ಒಂದು ಅಂಗಡಿಯ ಬೋರ್ಡನ್ನೂ ಓದಿರಲಿಲ್ಲ.

ಎಡಗಡೆಯ ಕತೆ ಬೇರೆ. ಮಿಷನ್, ಅಂದರೆ ಕತೆ ಮುಂದೆ ಹೋಗಲು ಆಟ ಕೊಡುವ ಕೆಲಸ, ಶುರುವಾದ ಕೂಡಲೇ ಆಟದ ಸ್ವಭಾವವೇ ಬದಲಾಗುತ್ತದೆ. ನಕ್ಷೆಯ ಹಳದಿ ಗೆರೆ ಹಿಡಿದು ಹೋಗು, ಈ ಗಾಡಿಗೇ ಹತ್ತು, ಇವನನ್ನು ಬಿಟ್ಟು ದೂರ ಹೋಗಬೇಡ. ಹೋದರೆ ಸೋತೆ, ಮತ್ತೆ ಮೊದಲಿನಿಂದ. ಮೂರು ಸಲ ಸೋತರೆ ಆ ತುಂಡನ್ನು ಹಾರಿಸಿ ಮುಂದೆ ಹೋಗುತ್ತೀಯಾ ಎಂದು ಆಟವೇ ಕೇಳುತ್ತದೆ, ಮಗ್ಗಿ ಬಾರದ ಹುಡುಗನನ್ನು ಹೇಗೋ ಪಾಸು ಮಾಡಿ ಕಳಿಸುವ ಹಾಗೆ.

ಇದನ್ನು ನಮ್ಮವರಿಗೆ ಹೇಗೆ ಹೇಳುವುದೆಂದು ತಲೆ ಕೆಡಿಸಿಕೊಂಡದ್ದಕ್ಕೆ ತಾಳಮದ್ದಳೆ ನೆನಪಾಯಿತು. ಪ್ರಸಂಗದ ಪದ್ಯವನ್ನು ಭಾಗವತರು ಹಾಡುತ್ತಾರೆ, ಅದನ್ನು ಯಾರೂ ಮೀರುವ ಹಾಗಿಲ್ಲ. ಆದರೆ ಆ ಪದ್ಯಕ್ಕೆ ಅರ್ಥ ಹೇಳುವವನು ಅರ್ಧ ಗಂಟೆ ಎಲ್ಲಿಗೆ ಬೇಕಾದರೂ ಹೋಗಿ ಬರಬಹುದು. ಎದುರು ಕೂತವನು ಅನಿರೀಕ್ಷಿತವಾಗಿ ಏನಾದರೂ ಕೇಳಿದರೆ ಅಲ್ಲೇ ಹುಟ್ಟಿಸಿ ಹೇಳಬೇಕು, ಮಜಾ ಇರುವುದೇ ಅಲ್ಲಿ. ಈ ಆಟದ ಮಿಷನ್ನಿನಲ್ಲಿ ಪದ್ಯವೂ ಅವರದ್ದೇ, ಅರ್ಥವೂ ಅವರದ್ದೇ. ಚಿನ್ನದಂಗಡಿ ದರೋಡೆಗೆ ಗುಂಡು ಹೊಡೆದು ನುಗ್ಗುವುದೋ, ಹೊಗೆ ಬಿಟ್ಟು ಉಪಾಯದಲ್ಲಿ ಹೋಗುವುದೋ ಎಂದು ಆರಿಸಲು ಬಿಡುತ್ತಾರೆ. ಆರಿಸಿದ ಮೇಲೆ ಮತ್ತೆ ಹಳದಿ ಗೆರೆ. ಊರಿಗೆ ಊರನ್ನೇ ಕಟ್ಟಿಟ್ಟು ಒಂದು ಓಣಿಯಲ್ಲಿ ಮಾತ್ರ ನಡೆ ಎಂದರೆ ಹೇಗೆ? ನನ್ನ ವಿಮರ್ಶೆಯ ಮುಖ್ಯ ತಕರಾರು ಇದೇ ಆಯಿತು. ಅಂಕ ಕೊಡುತ್ತಿದ್ದಾಗ ಇದು ಹೊಳೆದೇ ಇರಲಿಲ್ಲ.

ಹೆಸರಿನದ್ದೂ ಒಂದು ಕಷ್ಟ ಇತ್ತು. ಊರಿಡೀ ಮನಸ್ಸು ಬಂದ ಹಾಗೆ ತಿರುಗಬಹುದಾದ ಇಂಥ ಆಟಕ್ಕೆ 'ಓಪನ್ ವರ್ಲ್ಡ್' ಅನ್ನುತ್ತಾರೆ, ಅದಕ್ಕೆ 'ಮುಕ್ತಲೋಕ' ಎಂದು ಬರೆದಿದ್ದೆ. ಮಾಷ್ಟ್ರು, "ಸತ್ತ ಮೇಲೆ ಹೋಗುವುದಾ?" ಎಂದು ಕೇಳಿದರು. ಆಮೇಲೆ ಅವರೇ, "ಬಯಲಿನಲ್ಲಿ ಆಡುವುದಕ್ಕೆ ನಮ್ಮಲ್ಲಿ ಶಬ್ದ ಇಲ್ವನಾ?" ಅಂದರು. ಬಯಲಾಟ! ನಾವು ಯಕ್ಷಗಾನಕ್ಕೆ ಆಟ ಎಂದೇ ಹೇಳುವುದು. ಇಷ್ಟು ಹತ್ತಿರ ಇದ್ದದ್ದು ಕಾಣಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಮೂರು ವೇಷಗಳು ಇದರಲ್ಲಿ: ಮೈಕೆಲ್, ಫ್ರಾಂಕ್ಲಿನ್, ಟ್ರೆವರ್. ಬಟನ್ ಒತ್ತಿ ಒಬ್ಬನಿಂದ ಇನ್ನೊಬ್ಬನಿಗೆ ಹಾರಬಹುದು, ಹಾರಿದಾಗ ಅವನು ತನ್ನ ಪಾಡಿಗೆ ಏನೋ ಮಾಡುತ್ತಿರುತ್ತಾನೆ. ನನಗೆ ಹಿಡಿಸಿದ್ದು ಇದಕ್ಕಿಂತ ಸಣ್ಣ ಒಂದು ವಿಷಯ. ಸೇವ್ ಮಾಡಲು, ಅಂದರೆ ಆಡಿದಷ್ಟನ್ನು ಉಳಿಸಿಡಲು, ಅವರನ್ನು ಹಾಸಿಗೆಯಲ್ಲಿ ಮಲಗಿಸಬೇಕು. ಮೈಕೆಲ್ 6 ಗಂಟೆ ಮಲಗುತ್ತಾನೆ, ಫ್ರಾಂಕ್ಲಿನ್ 8, ಟ್ರೆವರ್ 12. ಯಾರ ಮನಸ್ಸಿನಲ್ಲಿ ಎಷ್ಟು ನೆಮ್ಮದಿ, ಎಷ್ಟು ಅಮಲು ಎಂದು ಮಾತಿಲ್ಲದೆ ಹೇಳಿಬಿಟ್ಟಿದ್ದಾರೆ. ಸೇವಿನ ಲೆಕ್ಕ ನನಗೆ ಬಾಯಿಪಾಠ ಬರಲು ಕಾರಣವೂ ಉಂಟು: ಗುಡುಗು ಕೇಳಿದರೆ ಸಾಕು, ನಮ್ಮಲ್ಲಿ ಕರೆಂಟು ಹೋಗುತ್ತದೆ. ಬಂದ ಮೇಲೆ, ಸರಿಯಾಗಿ ಆಫ್ ಮಾಡಿಲ್ಲ ಎಂದು ಪಿಎಸ್4 ನನಗೇ ಬೈದು, ಒಳಗಿನದ್ದನ್ನೆಲ್ಲ ಪರೀಕ್ಷೆ ಮಾಡುತ್ತಾ ಕೂರುತ್ತದೆ. ಆಟದೊಳಗಿನ ಫೋನಿನಲ್ಲೇ ಸೇವ್ ಮಾಡಬಹುದೆಂದು ನನಗೆ ತಿಳಿದದ್ದು ಮೂರು ಮಿಷನ್ ನೀರಿಗೆ ಹೋದ ಮೇಲೆ.

ದೊಡ್ಡ ಪತ್ರಿಕೆಗಳ ವಿಮರ್ಶೆಯಲ್ಲಿ ನಾನು ಎಲ್ಲಿಯೂ ಕಾಣದ ಒಂದು ವಿಷಯವನ್ನು ಅರ್ಧ ಪುಟ ಬರೆದೆ. ಇದರಲ್ಲಿ ಕತೆ ನಡೆಯುವುದೇ ಕಾರಿನೊಳಗೆ. ನಾವು ಓಡಿಸುತ್ತಿರುವಾಗ ಪಕ್ಕದವನು ಮಾತಾಡುತ್ತಾನೆ, ಅದೂ ಬೈಗುಳ ಬೆರೆಸಿದ ಅಮೆರಿಕದ ಗಲ್ಲಿ ಇಂಗ್ಲಿಷಿನಲ್ಲಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಆಡಿ ಬೆಳೆದ ನನಗೆ ಅದು ಕಿವಿಯಲ್ಲಿ ಪೂರ್ತಿ ಇಳಿಯುವುದಿಲ್ಲ. ಕೆಳಗೆ ಬರುವ ಅಕ್ಷರ ಓದಬೇಕು. ನಮ್ಮ 32 ಇಂಚಿನ ಟಿವಿಯಲ್ಲಿ ಆ ಅಕ್ಷರ ಇರುವೆಸಾಲು. ಅಕ್ಷರ ನೋಡಿದರೆ ಕಾರು ಕಂಬಕ್ಕೆ, ರಸ್ತೆ ನೋಡಿದರೆ ಕತೆ ಇಲ್ಲ. ಒಂದು ಸಂಜೆ ಲೆಕ್ಕ ಇಟ್ಟೆ. ಒಂದೇ ಸಂಭಾಷಣೆಗೆ ಏಳು ಡಿಕ್ಕಿ, ಆದರೂ ಮೈಕೆಲ್ ತನ್ನ ಮಗನಿಗೆ ಯಾಕೆ ಬೈದನೆಂದು ಅರ್ಥವಾಗಲಿಲ್ಲ.

ಮನೆಯವರೂ ವಿಮರ್ಶೆಗೆ ಸೇರಿಕೊಂಡರು. ಆಟದಲ್ಲಿ ಪೊಲೀಸರು ಬೆನ್ನುಹತ್ತಿದಾಗ, ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರಿನ ದೀಪ ಕೆಂಪು-ನೀಲಿ ಮಿನುಗುತ್ತದೆ. ರಾತ್ರಿ ಚಾವಡಿಯ ಗೋಡೆಯಲ್ಲಿ ಆ ಬೆಳಕು ಕಂಡು ಅಮ್ಮ, "ಜೀಪು ಬಂತಾ, ನೋಡು" ಎಂದು ಒಳಗಿನಿಂದ ಓಡಿ ಬಂದರು. ಲಾಕ್‌ಡೌನಿನ ಕಾಲ, ಹೆದರಿಕೆ ಸಹಜ. ಅಕ್ಕ ಒಂದು ಗಂಟೆ ಸುಮ್ಮನೆ ನೋಡಿ, "ಇದರಲ್ಲಿ ಹೆಂಗಸರಿಗೆ ಬೈಯುವುದು, ಬೈಸಿಕೊಳ್ಳುವುದು ಬಿಟ್ಟರೆ ಕೆಲಸ ಇಲ್ವಾ?" ಎಂದು ಕೇಳಿದಳು. ನನ್ನಲ್ಲಿ ಉತ್ತರ ಇರಲಿಲ್ಲ. ಅವಳ ಮಾತನ್ನೇ ಬರೆದೆ. ಪಣಂಬೂರು ಬಂದರಿನಲ್ಲಿ ಕ್ರೇನ್ ನಡೆಸುವ ಭಾವ ಕೂತದ್ದು ಒಂದೇ ಮಿಷನ್ನಿಗೆ. ಟ್ರೆವರ್ ಕೂಲಿಯವನ ವೇಷದಲ್ಲಿ ಬಂದರಿಗೆ ನುಗ್ಗಿ ಕಂಟೇನರ್ ಎತ್ತಿ ಇಳಿಸುವುದು. ಗುಂಡಿಲ್ಲ, ಓಟವಿಲ್ಲ, ಬರೀ ದುಡಿಮೆ. ನನಗೆ ಬೋರ್ ಹೊಡೆದಿತ್ತು. ಭಾವ ಕಂಟ್ರೋಲರ್ ಕಸಿದುಕೊಂಡು ನಗುತ್ತಾ ನಗುತ್ತಾ ಮುಗಿಸಿ, "ಕೆಳಗೆ ಸಿಗ್ನಲ್ ಕೊಡುವವನೇ ಇಲ್ಲ, ಇವನ ಲೈಸೆನ್ಸ್ ತೆಗಿಯಬೇಕು" ಅಂದರು.

ಒಂದು ಮಿಷನ್ ಮಾತ್ರ ಅಕ್ಕನ ಮಕ್ಕಳು ಮಲಗಿದ ಮೇಲೆ, ಬಾಗಿಲು ಹಾಕಿ ಆಡಿದೆ. ಕಟ್ಟಿಹಾಕಿದ ಒಬ್ಬನಿಂದ ಬಾಯಿ ಬಿಡಿಸಬೇಕು. ಮೇಜಿನ ಮೇಲೆ ಇಕ್ಕಳ, ಸ್ಪ್ಯಾನರ್, ಕರೆಂಟಿನ ಕ್ಲಿಪ್ಪು, ನೀರು. ಯಾವುದು ಎಂದು ನಾವೇ ಆರಿಸಬೇಕು, ಹಲ್ಲು ಕೀಳಲು ನಮ್ಮ ಹೆಬ್ಬೆರಳೇ ಕಂಟ್ರೋಲರಿನ ಸ್ಟಿಕ್ ಎಳೆಯಬೇಕು. ಅದಾದ ಮೇಲೆ ಟ್ರೆವರ್ ಅದೇ ಮನುಷ್ಯನನ್ನು ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಬಿಡುತ್ತಾ, ಹಿಂಸೆಯಿಂದ ಏನೂ ಪ್ರಯೋಜನವಿಲ್ಲವೆಂದು ಭಾಷಣ ಬಿಗಿಯುತ್ತಾನೆ. ಸರ್ಕಾರದ ಗುಪ್ತಚರರನ್ನು ಲೇವಡಿ ಮಾಡಲು ಇಟ್ಟದ್ದೆಂದು ತಿಳಿಯುತ್ತದೆ. ಆದರೆ ಕೈಯಲ್ಲಿ ಮಾಡಿಸಿ ಬಾಯಲ್ಲಿ ಬುದ್ಧಿ ಹೇಳುವುದು ನನಗೆ ಸೇರಲಿಲ್ಲ. ಇದು 18 ದಾಟಿದವರಿಗೆ ಮಾತ್ರ ಎಂಬ ಡಬ್ಬದ ಮೇಲಿನ ಅಂಕಿಯನ್ನು ವಿಮರ್ಶೆಯ ಮೊದಲ ಸಾಲಿಗೆ ತಂದದ್ದು ಆ ರಾತ್ರಿ.

ಗಡಿಯವರಲ್ಲವಾ ನಾವು, ಆಟದ ಗಡಿ ಎಲ್ಲುಂಟು ಎಂದು ನೋಡದೆ ಬಿಡುವುದುಂಟಾ? ದೋಣಿ ತೆಗೆದುಕೊಂಡು ಸಮುದ್ರದಲ್ಲಿ ನೇರ ಹೋದೆ. ಗೇಟಿಲ್ಲ, ಪೊಲೀಸಿಲ್ಲ, ಪಾಸು ಕೇಳುವವರಿಲ್ಲ. ಎಂಜಿನ್ ತಾನಾಗಿ ಆರಿ ಹೋಯಿತು. ಆಮೇಲೆ ಶಾರ್ಕ್ ಬಂತು.

ಕೊನೆಯಲ್ಲಿ ಫ್ರಾಂಕ್ಲಿನ್ನಿಗೆ ಮೂರು ದಾರಿ ಕೊಡುತ್ತಾರೆ. ಬೇರೆ ಬೇರೆ ಸೇವ್ ಇಟ್ಟು ಮೂರನ್ನೂ ಆಡಿದೆ, ಮೂರನ್ನೂ ಬರೆದೆ. ಸಂಚಿಕೆ ಹೊರಬಂದ ಮೇಲೆ ಪುಟಗಳ ಫೋಟೋ ತೆಗೆದು ಶಾರ್ಜಾಕ್ಕೆ ಕಳಿಸಿದೆ. ಅರ್ಧ ಗಂಟೆಯಲ್ಲಿ ಫೋನು.

"ಕೊನೆ ಯಾಕೆ ಬರೆದದ್ದು?"

"ಆಟಕ್ಕೆ ಹೋಗುವವರು ಕೀಚಕ ಸಾಯ್ತಾನಾ ಇಲ್ವಾ ಅಂತ ನೋಡ್ಲಿಕ್ಕೆ ಹೋಗುವುದಾ? ಹೇಗೆ ಸಾಯ್ತಾನೆ ಅಂತ ನೋಡ್ಲಿಕ್ಕಲ್ವಾ?"

ಆಚೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ.

"ನಾನು ಇನ್ನೂ ಅರ್ಧಕ್ಕೂ ಬಂದಿರಲಿಲ್ಲ, ಮಾರಾಯ."