ಬೀಜ ಒಂದೇ, ಹುರಿದ ಹದ ಬೇರೆ

ಕಾಫಿ ಪೊಟ್ಟಣದ ಮೇಲೆ ನಿಂಬೆ, ಮಲ್ಲಿಗೆ, ಚಾಕೊಲೇಟ್ ಅಂತೆಲ್ಲ ಬರೆದಿರುತ್ತಾರೆ ಅಲ್ವಾ? ಅವನ್ನೇನೂ ಒಳಗೆ ಬೆರೆಸಿರುವುದಿಲ್ಲ. ಕುಡಿದವರಿಗೆ ಯಾವುದರ ನೆನಪು ಬಂತೋ ಅದನ್ನು ಬರೆದಿದ್ದಾರೆ, ಅಷ್ಟೇ. ಆ ನೆನಪು ಹಣ್ಣಿನದ್ದೋ ಹೊಗೆಯದ್ದೋ ಅನ್ನುವುದು ಬಹಳಮಟ್ಟಿಗೆ ಹುರಿಯುವವರ ಕೈಯಲ್ಲಿದೆ.

ಒಮ್ಮೆ ನೀವೇ ಬಾಣಲೆಯಲ್ಲಿ ಹುರಿದು ನೋಡಿ. ಹಸಿ ಬೀಜಕ್ಕೆ ಹುಲ್ಲಿನ ವಾಸನೆ. ಹಳದಿಗೆ ತಿರುಗಿದಾಗ ಬ್ರೆಡ್ ಕಾಯಿಸಿದಂಥ ಘಮ. ಬೀಜದ ಬಿಸಿ 200 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಪಟಪಟ ಸಿಡಿಯುತ್ತದೆ. ಆ ಸದ್ದು ನಿಲ್ಲುವ ಹೊತ್ತಿಗೆ ಇಳಿಸಿದರೆ ಲೈಟ್ ರೋಸ್ಟ್. ಅದರಲ್ಲಿ ಹುಳಿ ಜಾಸ್ತಿ, ಹಣ್ಣು ಹೂವಿನ ಘಮವೂ ಜಾಸ್ತಿ. ಇನ್ನೊಂದು ಚೂರು ಬಿಟ್ಟರೆ ಹುಳಿ ತಗ್ಗಿ, ಕಾಸಿದ ಸಕ್ಕರೆ, ಬಾದಾಮಿಯ ರುಚಿ ಬರುತ್ತದೆ. ಅದು ಮೀಡಿಯಂ. ಸುಮಾರು 225 ಡಿಗ್ರಿಗೆ ಎರಡನೇ ಸಲ ಸದ್ದು ಬರುತ್ತದೆ, ಈ ಸಲ ಸಣ್ಣಗೆ ಚಿಟಿಚಿಟಿ ಅಂತ. ಅಲ್ಲಿಂದಾಚೆ ಡಾರ್ಕ್. ಕಹಿ, ಹೊಗೆ, ಬೀಜದ ಮೈಮೇಲೆ ಎಣ್ಣೆ. ತೀರಾ ಕಪ್ಪಾದರೆ ಯಾವ ತೋಟದ ಬೀಜವಾದರೂ ರುಚಿ ಹೆಚ್ಚುಕಡಿಮೆ ಒಂದೇ. ದುಡ್ಡು ಕೊಟ್ಟು ಒಳ್ಳೆಯ ಬೀಜ ತಂದು ಹಾಗೆ ಕರಕಲು ಮಾಡುವುದು ನನಗಂತೂ ಸಂಕಟ.

ಕರಕಲು ಮಾಡಿಲ್ಲ ಅಂತಲ್ಲ. ಎರಡನೇ ಸದ್ದು ಶುರುವಾದಾಗ ಯಾರೋ ಬಾಗಿಲು ತಟ್ಟಿದರು, ಎದ್ದು ಹೋದೆ, ಬರುವಷ್ಟರಲ್ಲಿ ಇದ್ದಿಲು. ಒಲೆ ಆರಿಸಿದರೂ ಸಾಲದು, ಬೀಜ ತನ್ನ ಬಿಸಿಗೇ ಹುರಿಯುತ್ತಿರುತ್ತದೆ. ತಕ್ಷಣ ಅಗಲ ತಟ್ಟೆಗೆ ಸುರಿದು ಗಾಳಿ ಹಾಕಿ. ಅವತ್ತೇ ಕುಡಿಯುವ ಆತುರ ಬೇಡ. ಬೀಜದೊಳಗಿನ ಗಾಳಿ ಹೊರಗೆ ಹೋಗಲು ನಾಲ್ಕೈದು ದಿನ ಬಿಡಿ.

ಡಾರ್ಕ್ ಅಂದರೆ ಕೆಫೀನ್ ಜಾಸ್ತಿ ಅಂತ ತುಂಬಾ ಜನ ನಂಬಿದ್ದಾರೆ. ಜಾಸ್ತಿ ಇರುವುದು ಕಹಿ ಮಾತ್ರ.

ಹಾಲು ಹಾಕಿ ಕುಡಿಯುವವರು ಮೀಡಿಯಂ ಅಥವಾ ಅದಕ್ಕಿಂತ ಕಪ್ಪನೆಯದನ್ನೇ ತನ್ನಿ. ಲೈಟ್ ರೋಸ್ಟಿನ ಹೂವಿನ ಘಮ ಹಾಲಿನಲ್ಲಿ ಸುಮ್ನೆ ಮುಳುಗಿಹೋಗುತ್ತದೆ. ಲೈಟ್ ಬೀಜ ಗಟ್ಟಿ, ರಸ ಬಿಡುವುದು ನಿಧಾನ. ಅದಕ್ಕೆ ಕುದಿ ಇಳಿದ ಕೂಡಲೇ ನೀರು ಹಾಕಿ. ಆದರೂ ಹುಳಿ ಚುರುಕ್ ಅಂದರೆ ಪುಡಿಯನ್ನು ಇನ್ನೂ ನುಣ್ಣಗೆ ಮಾಡಿ. ಡಾರ್ಕಿಗೆ 90 ಡಿಗ್ರಿ ಸಾಕು. ಡಾರ್ಕ್ ಬೇಗ ಕಮಟುತ್ತದೆ, ಸ್ವಲ್ಪಸ್ವಲ್ಪವೇ ತನ್ನಿ.

ರುಚಿ ನೋಡುವಾಗ ಎರಡು ಹದದ ಕಾಫಿಯನ್ನು ಪಕ್ಕಪಕ್ಕ ಇಡಿ, ಹಾಲು ಸಕ್ಕರೆ ಬೇಡ. ಸುಡುಬಿಸಿಯಲ್ಲಿ ನಾಲಿಗೆಗೆ ಏನೂ ತಿಳಿಯದು. ಉಗುರುಬೆಚ್ಚಗಾದಾಗ ಸೊರ್ ಅಂತ ಹೀರಿ, ಮನೆಯವರು ನಕ್ಕರೆ ನಗಲಿ.